ಡಾರ್ವಿನ್ ಮತ್ತು ಏಸಾ ಗ್ರೇ: ಪತ್ರದಲ್ಲಿ ನಡೆದ ವಾದ

ಡಾರ್ವಿನ್ ದೇವರ ವಿಷಯದಲ್ಲಿ ಗೆಳೆಯರ ಜೊತೆ ಮನಬಿಚ್ಚಿ ವಾದ ಮಾಡಿದ್ದರಾ ಅಂತ ಕೇಳಿದ್ದೀರಿ. ಮಾಡಿದ್ದರು, ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಜೊತೆ. ಗ್ರೇ ದೈವಭಕ್ತರು, ವಿಕಾಸವಾದವನ್ನೂ ಒಪ್ಪಿದವರು. ಜೀವಿಗಳಲ್ಲಿ ಆಗುವ ಬದಲಾವಣೆಗೆ ದೇವರೇ ದಾರಿ ತೋರಿಸುತ್ತಾನೆ ಎಂಬುದು ಅವರ ನಿಲುವು.

1860ರ ಮೇ 22ರ ಡಾರ್ವಿನ್ ಪತ್ರವನ್ನು ಖಂಡಿತ ಓದಿ. ಕೆಲವು ಕಣಜಗಳ ಮರಿಗಳು ಬದುಕಿರುವ ಕಂಬಳಿಹುಳುವನ್ನು ಒಳಗಿಂದಲೇ ತಿಂದು ಬೆಳೆಯುತ್ತವೆ. ಕರುಣೆಯುಳ್ಳ ದೇವರು ಬೇಕೆಂದೇ ಇಂಥದ್ದನ್ನು ಸೃಷ್ಟಿಸಿದ ಅಂತ ನಂಬಲು ಡಾರ್ವಿನ್‌ಗೆ ಆಗಲಿಲ್ಲ. ಆದರೆ ಅದೇ ಪತ್ರದಲ್ಲಿ, ಈ ಜಗತ್ತು, ಅದರಲ್ಲೂ ಮನುಷ್ಯನ ಸ್ವಭಾವ, ಬರೀ ಕುರುಡು ಬಲದ ಫಲ ಅನ್ನುವುದಕ್ಕೂ ಅವರ ಮನಸ್ಸು ಒಪ್ಪುವುದಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಈ ಪ್ರಾಮಾಣಿಕ ಒದ್ದಾಟವೇ. ಮುಂದೆ ಡಾರ್ವಿನ್, ಸಾಕುಪ್ರಾಣಿ ಮತ್ತು ಬೆಳೆಗಳಲ್ಲಿ ಆಗುವ ಬದಲಾವಣೆ ಕುರಿತ ತಮ್ಮ 1868ರ ಪುಸ್ತಕದ ಕೊನೆಯಲ್ಲಿ ಗ್ರೇ ಹೆಸರು ಹೇಳಿಯೇ ಅವರ ವಾದವನ್ನು ತಳ್ಳಿಹಾಕಿದರು. ಸ್ನೇಹ ಮಾತ್ರ ಕೆಡಲಿಲ್ಲ.