ಮುತ್ತಾತನ ಊರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದ್ದರೆ ಯಾವುದನ್ನು ನಂಬಬೇಕು?

ನಿಮ್ಮ ಮುತ್ತಾತ ಆಂಧ್ರದ ಕಡೆಯಿಂದ ಬಾಗೇಪಲ್ಲಿ ತಾಲ್ಲೂಕಿಗೆ ವಲಸೆ ಬಂದವರು. ಹಳೇ ಕ್ರಯಪತ್ರದಲ್ಲಿ ‘ಕಡಪ ಜಿಲ್ಲೆ ಕದಿರಿ ತಾಲ್ಲೂಕು’ ಅಂತಿದೆ, ದೊಡ್ಡತ್ತೆ ಅನಂತಪುರ ಜಿಲ್ಲೆ ಅಂತಾರೆ, ತಾತನ ಟಿಸಿಯಲ್ಲಿ ಕೋಲಾರ ಜಿಲ್ಲೆ, ಮನೆತನದ ಹೆಸರು ಮಾತ್ರ ಮದನಪಲ್ಲಿ ಹತ್ತಿರದ ಒಂದು ಊರಿನದು. ಇಷ್ಟು ನಿಮ್ಮ ಪ್ರಶ್ನೆ. ನಾನು ಚಿಂತಾಮಣಿಯವನು, ನಮ್ಮ ಮನೆಯವರೂ ಅದೇ ಸೀಮೆಯಿಂದ ಬಂದವರು. ಹಾಗಾಗಿ ಇದರಲ್ಲಿ ಸ್ವಲ್ಪ ಕೈಯಾಡಿಸಿದ್ದೇನೆ.

ಮೊದಲು ಕ್ರಯಪತ್ರ ಮತ್ತು ದೊಡ್ಡತ್ತೆಯ ಜಗಳ ಬಿಡಿಸೋಣ. ಇಬ್ಬರೂ ಹೇಳ್ತಿರೋದು ಒಂದೇ ಜಾಗ. ಕದಿರಿ ತಾಲ್ಲೂಕು 1910ರವರೆಗೆ ಕಡಪ ಜಿಲ್ಲೆಯಲ್ಲಿತ್ತು, ಆಮೇಲೆ ಅನಂತಪುರಕ್ಕೆ ಸೇರಿತು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಿಮ್ಮ ಮಕ್ಕಳು ಹುಡುಕಿದರೆ ಅವರಿಗೆ ಮೂರನೇ ಉತ್ತರ ಸಿಗುತ್ತೆ! ಇದರ ಮೇಲೆ, ಆಂಧ್ರದಲ್ಲಿ 1985ರಲ್ಲಿ ತಾಲ್ಲೂಕು ಹೋಗಿ ಮಂಡಲ ಬಂತು. ಆಗಿನ ಕದಿರಿ ತಾಲ್ಲೂಕಿನ ಊರುಗಳು ಈಗ ತನಕಲ್ಲು, ಆಮಡಗೂರು, ನಲ್ಲಚೆರುವು, ತಲುಪುಲ ಅಂತ ಬೇರೆ ಬೇರೆ ಮಂಡಲಗಳಲ್ಲಿ ಹಂಚಿಹೋಗಿವೆ. ಈಗಿನ ಕದಿರಿ ಮಂಡಲದ ಪಟ್ಟಿ ನೋಡಿ ‘ಅಂಥ ಊರೇ ಇಲ್ಲ’ ಅಂತ ಕೈಚೆಲ್ಲಬೇಡಿ. ನಮ್ಮ ಕಡೆಯೂ ಅಷ್ಟೇ. ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ 2007ರವರೆಗೆ ಕೋಲಾರ ಜಿಲ್ಲೆಯೇ, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆ.

ಕ್ರಯಪತ್ರದ ತಾರೀಖು ನೀವು ಹಾಕಿಲ್ಲ. ಅದು 1910ರ ನಂತರದ್ದಾಗಿದ್ದೂ ‘ಕಡಪ’ ಅಂತಿದ್ದರೆ ಇನ್ನೂ ಒಳ್ಳೇದು. ಬಂದವರು ಊರು ಬಿಡುವಾಗ ಯಾವ ಜಿಲ್ಲೆ ಅಂತ ತಿಳಿದಿದ್ದರೋ ಅದನ್ನೇ ಸಾಯೋವರೆಗೂ ಹೇಳ್ತಾರೆ. ಹಾಗಾದರೆ ಮುತ್ತಾತ 1910ಕ್ಕಿಂತ ಮುಂಚೆ ಬಂದಿರೋ ಸಾಧ್ಯತೆ ಹೆಚ್ಚು. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ ಅಂತ ಬರೆದವನ ಹೆಸರಿರುತ್ತೆ, ಅದನ್ನೂ ನೋಡಿ. ಬರೆದವನು ಅದೇ ಊರಿನವನಾದರೆ ಅವನಿಗೆ ನಿಮ್ಮ ಮುತ್ತಾತ ಗೊತ್ತು. ಪೇಟೆಯ ಬರಹಗಾರನಾದರೆ ಹಿಂದಿನ ಯಾವುದೋ ಪತ್ರದಿಂದ ವಿಳಾಸ ನಕಲು ಮಾಡಿರಲೂಬಹುದು.

ಟಿಸಿಯನ್ನು ಪಕ್ಕಕ್ಕಿಡಿ. ಅದು ತಾತ ಹುಟ್ಟಿದ ಊರು, ಮುತ್ತಾತನದ್ದಲ್ಲ. ಅದರಲ್ಲಿರೋ ಜನ್ಮದಿನವನ್ನಂತೂ ನಂಬಲೇಬೇಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಜೂನ್ 1ಕ್ಕೇ ಹುಟ್ಟಿದವರು, ಎಲ್ಲಾ ಮೇಷ್ಟ್ರ ಕೃಪೆ. ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಇದ್ದರೆ ಅದೂ ಸಾಕ್ಷಿಯಲ್ಲ. ಖಾತೆ ಬದಲಾವಣೆಗೆ ಅಂತ ಮನೆಯವರೇ ಹೇಳಿ ಬರೆಸಿದ್ದು ಅದು. ಭಾಗ ಕೇಳೋಕೆ ಬರದವರ ಹೆಸರು ಎಷ್ಟೋ ಸಲ ಅದರಲ್ಲಿ ಇರೋದೇ ಇಲ್ಲ.

ಮನೆತನದ ಹೆಸರಿನ ವಿಷಯ ಬೇರೆ. ತೆಲುಗು ಮನೆಮಾತಿನವರಲ್ಲಿ ಇಂಟಿಪೇರು ಎಷ್ಟೋ ಸಲ ಊರ ಹೆಸರೇ. ಆದರೆ ಒಂದು ಊರಲ್ಲಿ ಎಲ್ಲರೂ ಅದೇ ಊರಿನವರಾಗಿರುವಾಗ ಯಾರೂ ಯಾರನ್ನೂ ಊರ ಹೆಸರಿಂದ ಕರೆಯಲ್ಲ. ಆ ಹೆಸರು ಅಂಟಿಕೊಳ್ಳೋದು ಊರು ಬಿಟ್ಟು ಬೇರೆ ಕಡೆ ನೆಲೆ ನಿಂತ ಮೇಲೆ. ಅಂದರೆ ಮದನಪಲ್ಲಿ ಹತ್ತಿರದ ಆ ಊರು ನಿಮ್ಮ ಮುತ್ತಾತನಿಗಿಂತ ಹಲವು ತಲೆ ಹಿಂದಿನ ನೆಲೆ ಇರಬಹುದು. ಕದಿರಿಗೂ ಅದಕ್ಕೂ ವಿರೋಧವೇನಿಲ್ಲ, ಮದನಪಲ್ಲಿ ಕಡೆಯಿಂದ ಕದಿರಿಗೆ, ಕದಿರಿಯಿಂದ ಬಾಗೇಪಲ್ಲಿಗೆ.

ಯಾವಾಗ ಬಂದರು ಅಂತ ಕೇಳಿದರೆ ಎಲ್ಲರ ಮನೆಯಲ್ಲೂ ‘ಧಾತು ಈಶ್ವರ ಬರ’ ಅಂತಾರೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರಲ್ಲಿ ಬಂದ ಬರ ಅದು. ನನಗೆ ಇದರ ಮೇಲೆ ಅನುಮಾನ. ಆ ಬರ ಮೈಸೂರು ಸೀಮೆಯನ್ನೂ ಬಿಡಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರ ಇಳಿದಿತ್ತು. ಸಾಯ್ತಿರೋ ಊರಿಗೆ ಹೊಟ್ಟೆಪಾಡಿಗೆ ಯಾರು ಬರ್ತಾರೆ? ಬರ ಮುಗಿದು, ಕೆರೆ ತುಂಬಿ, ಉಳೋರಿಲ್ಲದೆ ಬೀಳುಬಿದ್ದ ಜಮೀನು ಕಂಡು ಬಂದವರೇ ಹೆಚ್ಚಿರಬೇಕು. ಇನ್ನೊಂದು: ಕಾಗದದಲ್ಲಿ ಬರೀ ‘ಈಶ್ವರ ಸಂವತ್ಸರ’ ಅಂತಿದ್ದರೆ ಅದು 1877 ಇರಬಹುದು, 1937 ಕೂಡ ಇರಬಹುದು. 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತೆ. ಛಾಪಾ ಕಾಗದದ ಮೇಲೆ ಯಾವ ಕಾಲದ ಮುದ್ರೆ ಇದೆ ಅಂತ ನೋಡಿದರೆ ಇತ್ಯರ್ಥ ಆಗುತ್ತೆ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ದಾಖಲೆಯೊಂದು. ಅಟ್ಟದ ಮೇಲೆ, ಟ್ರಂಕಿನಲ್ಲಿ, ಮುಯ್ಯಿ ಪುಸ್ತಕ ಹುಡುಕಿ, ಅಂದರೆ ಮದುವೆಗೆ ಬಂದವರು ಕೊಟ್ಟ ದುಡ್ಡಿನ ಲೆಕ್ಕ. ನಮ್ಮ ತಾತನ ಮದುವೆಯದು ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಎಡಕ್ಕೆ ಊರು, ನಡುವೆ ಹೆಸರು, ಬಲಕ್ಕೆ ನಾಲ್ಕಾಣೆ, ಎಂಟಾಣೆ. ಸುತ್ತಮುತ್ತಲ ಹಳ್ಳಿಗಳ ನಡುವೆ ಇದ್ದಕ್ಕಿದ್ದಂತೆ ತನಕಲ್ಲು ಕಡೆಯ ಒಂದು ಊರು, ಮುಂದೆ ‘ದಾಯಾದಿ’ ಅಂತ ಬರೆದು ಒಂದು ರೂಪಾಯಿ. ಎತ್ತಿನ ಗಾಡಿ ಕಟ್ಟಿಕೊಂಡು ಅಷ್ಟು ದೂರದಿಂದ ಒಂದು ರೂಪಾಯಿ ಮುಯ್ಯಿ ಹಾಕೋಕೆ ಬಂದವನು ಸುಮ್ಮನೆ ಬಂದವನಲ್ಲ. ಆ ಸಾಲಿಗೆ ನಾನು ಯಾವ ಸರ್ಕಾರಿ ಕಾಗದಕ್ಕಿಂತಲೂ ಹೆಚ್ಚು ಬೆಲೆ ಕೊಡ್ತೇನೆ, ಯಾಕಂದ್ರೆ ಅದನ್ನು ಬರೆದವರಿಗೆ ಯಾರ ಮುಂದೆಯೂ ಏನನ್ನೂ ಸಾಬೀತು ಮಾಡೋದಿರಲಿಲ್ಲ. ತಿರುಗಿ ಮುಯ್ಯಿ ಹಾಕೋಕೆ ಲೆಕ್ಕ ಬೇಕಿತ್ತು, ಅಷ್ಟೇ.

ದೊಡ್ಡತ್ತೆಯ ಹತ್ತಿರ ಕೇಳೋ ಪ್ರಶ್ನೆಯನ್ನೂ ಬದಲಾಯಿಸಿ. ‘ನಾವು ಎಲ್ಲಿಂದ ಬಂದ್ವಿ’ ಅಂದರೆ ಪಾಳೇಗಾರರು, ಏಳು ಜನ ಅಣ್ತಮ್ಮಂದಿರು ಅಂತ ದೊಡ್ಡ ಕಥೆ ಬರುತ್ತೆ. ‘ನಿಮ್ಮ ಅಜ್ಜಿಯ ತವರು ಯಾವುದು? ಯಾವ ಊರಲ್ಲಿ ಸಾವಾದರೆ ನಮಗೆ ಸೂತಕ?’ ಅಂತ ಕೇಳಿ. ವಲಸೆ ಬಂದವರು ಒಂದೆರಡು ತಲೆಮಾರು ಹೆಣ್ಣು ತರೋಕೆ ಹಳೇ ಸೀಮೆಗೇ ಹೋಗ್ತಿದ್ರು. ಮನೆದೇವರು ಕದಿರಿ ನರಸಿಂಹಸ್ವಾಮಿ ಅಂದರೆ ಅದರಿಂದ ಏನೂ ತೀರ್ಮಾನ ಆಗಲ್ಲ, ಈ ಕಡೆ ಅರ್ಧ ತಾಲ್ಲೂಕು ಅವನ ಒಕ್ಕಲು. ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಯಾವುದಾದರೂ ಗ್ರಾಮದೇವತೆಗೆ ನಿಮ್ಮ ಮನೆಯವರು ಮೊದಲ ಮುಡಿ ಕೊಡ್ತಿದ್ದರೆ ಅದನ್ನು ಹಿಡಿದು ಹೋಗಿ. ನಿಮ್ಮ ಕುಲಕ್ಕೆ ವಂಶಾವಳಿ ಹೇಳೋ ಹೆಳವರು, ಅಂದರೆ ಪಿಚ್ಚಗುಂಟ್ಲವರು ಬರೋ ಪದ್ಧತಿ ಇದ್ದರೆ ಅವರ ಬಾಯಲ್ಲಿ ಬರೋ ಹೆಸರುಗಳನ್ನೂ ಬರೆದುಕೊಳ್ಳಿ.

ಇಷ್ಟಾದ ಮೇಲೆ ಆ ಕಡೆಯ ತಹಸೀಲ್ದಾರ್ ಕಚೇರಿಗೆ ಹೋಗಿ ಹಳೇ ಡೈಗ್ಲಾಟ್ ರಿಜಿಸ್ಟರ್ ಕೇಳಿ. ಮದ್ರಾಸ್ ಸರ್ಕಾರದ ಕಾಲದ್ದು, ಸರ್ವೆ ನಂಬರಿಗೆ ಪಟ್ಟಾದಾರರ ಹೆಸರಿರುತ್ತೆ. ಆದರೆ ಮುತ್ತಾತನ ಅಪ್ಪನ ಹೆಸರಿಲ್ಲದೆ ಹೋಗಬೇಡಿ, ಬರೀ ವೆಂಕಟಪ್ಪ ಅಂದರೆ ಊರಿಗೆ ನಾಲ್ಕು ಜನ ಸಿಗ್ತಾರೆ. ನಿಮ್ಮ ಕ್ರಯಪತ್ರದಲ್ಲೇ ‘ಬಿನ್’ ಅಂತ ಇರೋ ಕಡೆ ಮುಂದಿನ ಪದ ನೋಡಿ, ಅದೇ ಅಪ್ಪನ ಹೆಸರು. ಮಡಿಕೆಯಲ್ಲಿ ಅಕ್ಷರ ಅಳಿಸಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ನೋಂದಣಿ ನಂಬರ್ ಕೊಟ್ಟು ದೃಢೀಕೃತ ನಕಲಿಗೆ ಅರ್ಜಿ ಹಾಕಿ.