ಮನೆಯಲ್ಲಿ ಚರ್ಮದ ಕೈಚೀಲ: ಮೊದಲು ಅಂಚು, ಆಮೇಲೆ ಚರ್ಮ, ಕೊನೆಗೆ ಸಲಕರಣೆ

ನಮಸ್ಕಾರ. ಭುಜಕ್ಕೆ ತೂಗುಹಾಕಿಕೊಳ್ಳುವ, ಮುಚ್ಚಳವಿರುವ ಒಂದು ಚರ್ಮದ ಕೈಚೀಲವನ್ನು ಮನೆಯಲ್ಲೇ ಮಾಡಬೇಕೆಂದಿದ್ದೀರಿ. ಹತ್ತಾರು ಸಲಕರಣೆಗಳು ಒಟ್ಟಿಗೆ ಬರುವ ಕಿಟ್ ಕೊಳ್ಳಬಹುದೇ, ಯಾವ ಚರ್ಮ ತರಬೇಕು, ಮನೆಯ ಹೊಲಿಗೆ ಯಂತ್ರ ಸಾಕಾಗುವುದೇ ಎಂದು ಕೇಳಿದ್ದೀರಿ. ಉತ್ತರಿಸುವ ಮೊದಲು ನೀವೇ ಒಂದು ವಿಷಯವನ್ನು ತೀರ್ಮಾನಿಸಬೇಕು: ಚೀಲದ ಅಂಚು ಹೇಗಿರಬೇಕು? ಕತ್ತರಿಸಿದ ಅಂಚನ್ನು ಹೊರಗೆ ಕಾಣುವಂತೆ ಬಿಟ್ಟು, ಉಜ್ಜಿ ನಯಗೊಳಿಸುವುದು ಒಂದು ವಿಧಾನ. ಒಳಮಗ್ಗುಲಿನಿಂದ ಹೊಲಿದು ಆಮೇಲೆ ತಿರುವಿಹಾಕಿ, ಹೊಲಿಗೆಯೂ ಅಂಚೂ ಒಳಗೇ ಉಳಿಯುವಂತೆ ಮಾಡುವುದು ಇನ್ನೊಂದು. ಮೊದಲನೆಯದು ನೆಟ್ಟಗೆ ನಿಲ್ಲುವ ಚೀಲವನ್ನು ಕೊಡುತ್ತದೆ, ಎರಡನೆಯದು ಮೈಗೆ ಒರಗುವ ಮೆತ್ತನೆಯ ಚೀಲವನ್ನು. ಚರ್ಮದ ಬಗೆ, ದಪ್ಪ, ದಾರ, ಸಲಕರಣೆ ಎಲ್ಲವೂ ಈ ಒಂದು ಆಯ್ಕೆಯ ಹಿಂದೆ ತಾವಾಗಿಯೇ ಬರುತ್ತವೆ. ಹಲವರು ಮೊದಲು ಕಿಟ್ ತರಿಸಿ, ಆಮೇಲೆ ಕಣ್ಣಿಗೆ ಬಿದ್ದ ಚರ್ಮ ಕೊಂಡು, ಕೊನೆಗೆ ಚೀಲದ ವಿನ್ಯಾಸ ಹುಡುಕುತ್ತಾರೆ. ಕ್ರಮವೇ ತಲೆಕೆಳಗಾಗಿರುವುದರಿಂದ ಅರ್ಧ ಸಾಮಾನು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಅಂಚು ಹೊರಗೆ ಕಾಣಬೇಕಾದರೆ ಬೇಕಾಗಿರುವುದು ವೆಜಿಟೆಬಲ್ ಟ್ಯಾನ್ ಚರ್ಮ, ಅಂದರೆ ಮರದ ತೊಗಟೆ, ಕಾಯಿ, ಎಲೆಗಳ ಒಗರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಿ ಹದ ಮಾಡಿದ ಚರ್ಮ. ಇದರ ನಾರು ಬಿಗಿಯಾಗಿರುವುದರಿಂದ ಅಂಚನ್ನು ಒದ್ದೆ ಮಾಡಿ ಉಜ್ಜಿದರೆ ಒತ್ತಾಗಿ ಕೂಡಿಕೊಂಡು ಹೊಳೆಯುತ್ತದೆ. ಒದ್ದೆಯಾಗಿದ್ದಾಗ ಮಡಚಿದರೆ ಒಣಗಿದ ಮೇಲೂ ಆ ಆಕಾರ ಹಾಗೆಯೇ ನಿಲ್ಲುತ್ತದೆ. ಆದರೆ ನೀರಿನ ಹನಿ ಬಿದ್ದರೆ ಕಲೆ ಉಳಿಯುತ್ತದೆ, ಬಿಸಿಲಿಗೆ ಬಣ್ಣ ಗಾಢವಾಗುತ್ತದೆ. ತಿರುವಿಹಾಕುವ ಚೀಲಕ್ಕೆ ಕ್ರೋಮಿಯಂ ಲವಣದಿಂದ ಒಂದೆರಡು ದಿನಗಳಲ್ಲೇ ಹದವಾಗುವ ಕ್ರೋಮ್ ಟ್ಯಾನ್ ಚರ್ಮ ಒಳ್ಳೆಯದು. ಜಗತ್ತಿನಲ್ಲಿ ಹದವಾಗುವ ಚರ್ಮದಲ್ಲಿ ಬಹುಪಾಲು ಇದೇ. ಮೆತ್ತಗಿರುತ್ತದೆ, ಬಗೆಬಗೆಯ ಬಣ್ಣಗಳಲ್ಲಿ ಸಿಗುತ್ತದೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ಇದರ ಅಂಚು ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ, ಅದಕ್ಕೆ ಅಂಚುಬಣ್ಣವನ್ನೇ ಹಚ್ಚಬೇಕು.

ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚಿನ ನಡುಭಾಗವನ್ನು ನೋಡಿ: ಕ್ರೋಮ್ ಚರ್ಮದಲ್ಲಿ ಅಲ್ಲಿ ಸಾಮಾನ್ಯವಾಗಿ ನೀಲಿ ಬೆರೆತ ಬೂದು ಛಾಯೆ ಕಾಣುತ್ತದೆ, ಒಗರಿನ ಚರ್ಮದಲ್ಲಿ ಕಂದು ಅಥವಾ ಕೆನೆಬಣ್ಣ ಕಾಣುತ್ತದೆ. ಅಂಚಿನವರೆಗೂ ಬಣ್ಣ ಇಳಿಸಿದ್ದರೆ ಈ ಗುರುತು ಸಿಗದು. ಆಗ ಬಣ್ಣ ಮತ್ತು ಲೇಪನವಿಲ್ಲದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಒಗರಿನ ಚರ್ಮ ಅದನ್ನು ಬೇಗ ಹೀರಿಕೊಂಡು ಕಪ್ಪಾಗುತ್ತದೆ.

ಮಾರಾಟದ ಹೆಸರುಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಫುಲ್ ಗ್ರೇನ್ ಎಂದರೆ ಮೇಲ್ಮೈಯನ್ನು ಉಜ್ಜಿ ತೆಗೆಯದ ಚರ್ಮ. ಅದರಲ್ಲಿ ಗೀರು, ಕೀಟ ಕಚ್ಚಿದ ಗುರುತು, ಸುಕ್ಕು ಇದ್ದೇ ಇರುತ್ತವೆ, ಅವನ್ನು ದೋಷವೆಂದು ತಿಳಿಯಬೇಕಿಲ್ಲ. ಕರೆಕ್ಟೆಡ್ ಗ್ರೇನ್ ಎಂದರೆ ಮೇಲ್ಮೈ ಉಜ್ಜಿ, ಮೇಲೆ ಲೇಪನ ಕೊಟ್ಟು, ಅಚ್ಚೊತ್ತಿದ ಚರ್ಮ. ಸ್ಪ್ಲಿಟ್ ಎಂದರೆ ಮೇಲ್ಪದರವನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರ. ಒಳಜೇಬಿಗೆ ಆದೀತು, ಭುಜಪಟ್ಟಿಗೆ ಆಗದು. ಬಾಂಡೆಡ್ ಎಂದರೆ ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಅದನ್ನು ಚೀಲದ ಹೊರಮೈಗೆ ಬಳಸಲೇಬೇಡಿ. ಇನ್ನು ಬರೀ ಜೆನ್ಯುಯಿನ್ ಲೆದರ್ ಎಂಬ ಮುದ್ರೆ ಅದು ಚರ್ಮ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ದಪ್ಪದ ಲೆಕ್ಕವನ್ನು ಕೆಲವರು ಮಿಲಿಮೀಟರಿನಲ್ಲಿ, ಕೆಲವರು ಔನ್ಸಿನಲ್ಲಿ ಹೇಳುತ್ತಾರೆ. 1 ಔನ್ಸ್ ಎಂದರೆ ಸುಮಾರು 0.4 ಮಿ.ಮೀ. ಅಂಚು ಕಾಣುವ ಚೀಲದ ಮೈಗೆ 1.8ರಿಂದ 2.2 ಮಿ.ಮೀ., ಪಕ್ಕದ ಪಟ್ಟಿಗೆ 1.2ರಿಂದ 1.5 ಮಿ.ಮೀ., ಒಂದೇ ಪದರದ ಭುಜಪಟ್ಟಿಗೆ 3 ಮಿ.ಮೀ. ಅಥವಾ ಅದಕ್ಕಿಂತ ತುಸು ಹೆಚ್ಚು ಇರಲಿ. ತಿರುವಿಹಾಕುವ ಚೀಲಕ್ಕೆ 1ರಿಂದ 1.3 ಮಿ.ಮೀ. ದಾಟಬೇಡಿ, ದಾಟಿದರೆ ಮೂಲೆಗಳು ತಿರುವಿಕೊಳ್ಳದೆ ಮುದ್ದೆಯಾಗುತ್ತವೆ.

ಎಷ್ಟು ಚರ್ಮ ಬೇಕೆಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಚೀಲ 30 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ, 8 ಸೆಂ.ಮೀ. ಆಳ ಇದೆಯೆಂದುಕೊಳ್ಳಿ. ಮುಂಭಾಗ ಹಿಂಭಾಗ ಸೇರಿ 1,500 ಚದರ ಸೆಂ.ಮೀ.; ಎರಡು ಪಕ್ಕ ಮತ್ತು ತಳವನ್ನು ಸುತ್ತುವ 80 ಸೆಂ.ಮೀ. ಉದ್ದದ ಪಟ್ಟಿಗೆ 640, 28 ಸೆಂ.ಮೀ. ಇಳಿಯುವ ಮುಚ್ಚಳಕ್ಕೆ 840, 120 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲದ ಭುಜಪಟ್ಟಿ ಎರಡು ಪದರವಾದರೆ 600. ಒಂದು ಜೇಬಿಗೆ 300. ಒಟ್ಟು 3,880 ಚದರ ಸೆಂ.ಮೀ., ಅಂದರೆ ಸುಮಾರು 4.2 ಚದರಡಿ. ಚರ್ಮ ಬಟ್ಟೆಯಂತೆ ಚೌಕವಾಗಿ ಬರುವುದಿಲ್ಲ, ಕಲೆ ತಪ್ಪಿಸಿ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಸುಮಾರು ಶೇ. 30ರಷ್ಟು ಹೆಚ್ಚು, ಅಂದರೆ ಐದೂವರೆ ಚದರಡಿ ತರಬೇಕು. ಆದರೆ ಐದೂವರೆ ಚದರಡಿಯ ತುಂಡು ತಂದ ಮಾತ್ರಕ್ಕೆ ಅದರಲ್ಲಿ 120 ಸೆಂ.ಮೀ. ಉದ್ದದ ಪಟ್ಟಿ ಸಿಗುತ್ತದೆಂದೇನೂ ಇಲ್ಲ. ಕೊಳ್ಳುವಾಗ ವಿಸ್ತೀರ್ಣದ ಜೊತೆಗೆ ಅತಿ ಉದ್ದದ ಬದಿಯ ಅಳತೆಯನ್ನೂ ಕೇಳಿ. ಇಲ್ಲವೇ ಭುಜಪಟ್ಟಿಯನ್ನು ಎರಡು ತುಂಡು ಮಾಡಿ, ಜೋಡಣೆಯನ್ನು ಬಕಲ್‌ನ ಜಾಗಕ್ಕೆ ತನ್ನಿ.

ಪ್ರಾಣಿಯ ಬೆನ್ನಿನ ಭಾಗದ ಚರ್ಮ ಗಟ್ಟಿ, ಹೊಟ್ಟೆಯ ಭಾಗದ್ದು ಸಡಿಲ ಮತ್ತು ಎಳೆದರೆ ಹಿಗ್ಗುವಂಥದ್ದು. ಹಾಗಾಗಿ ಭುಜಪಟ್ಟಿಯನ್ನು ಬೆನ್ನೆಲುಬಿಗೆ ಸಮಾನಾಂತರವಾಗಿಯೇ ಕತ್ತರಿಸಬೇಕು. ಹೊಟ್ಟೆಯ ಭಾಗ ಅಗ್ಗವೆಂದು ಅದರಲ್ಲಿ ಪಟ್ಟಿ ಕತ್ತರಿಸಿದರೆ ಚೀಲ ಬಳಸಿದಂತೆಲ್ಲ ಉದ್ದವಾಗುತ್ತಾ ಹೋಗುತ್ತದೆ. ತುಂಡೊಂದನ್ನು ಹೊಳಪಿನ ಮುಖ ಒಳಗೆ ಬರುವಂತೆ ಮಡಚಿ ನೋಡಿದರೂ ತಿಳಿಯುತ್ತದೆ: ಒಳ್ಳೆಯ ಚರ್ಮದಲ್ಲಿ ಸಣ್ಣ ಸಣ್ಣ ಗೆರೆಗಳು ಮೂಡುತ್ತವೆ, ಸಡಿಲವಾದದ್ದರಲ್ಲಿ ದಪ್ಪ ಸುಕ್ಕುಗಳು ಏಳುತ್ತವೆ.

ಈಗ ಸಲಕರಣೆ. ಕಿಟ್ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವುಗಳಲ್ಲಿ ಸಂಖ್ಯೆ ತುಂಬಿಸಲೆಂದೇ ಹಾಕಿದ ಚಿತ್ತಾರದ ಅಚ್ಚುಗಳು ಬಹಳ ಇರುತ್ತವೆ; ನಿಮ್ಮ ಚೀಲಕ್ಕೆ ನಿಜವಾಗಿ ಬೇಕಾದ ಉಳಿ ಮತ್ತು ಚಾಕುವಿನ ಉಕ್ಕು ಮಾತ್ರ ಮೆತ್ತಗಿರುತ್ತದೆ. ಅಷ್ಟೇ ಹಣವನ್ನು ನಾಲ್ಕೈದು ಒಳ್ಳೆಯ ಸಲಕರಣೆಗಳಿಗೆ ಹಾಕಿ. ಕತ್ತರಿಸಲು ಬ್ಲೇಡ್ ಬದಲಾಯಿಸುವ ಸಾಮಾನ್ಯ ಚಾಕು, ಉಕ್ಕಿನ ಅಳತೆಪಟ್ಟಿ, ಕೆಳಗೆ ಹಾಸಲು ಕಟಿಂಗ್ ಮ್ಯಾಟ್ ಸಾಕು. ಬ್ಲೇಡನ್ನು ಮಾತ್ರ ಜಿಪುಣತನವಿಲ್ಲದೆ ಬದಲಾಯಿಸುತ್ತಿರಬೇಕು. ಮೊಂಡು ಬ್ಲೇಡು ಚರ್ಮವನ್ನು ಕತ್ತರಿಸುವ ಬದಲು ತಳ್ಳುತ್ತದೆ, ಅಂಚು ಓರೆಯಾಗುತ್ತದೆ.

ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಮೊನೆಗಳಿರುವ ಹೊಲಿಗೆ ಉಳಿಯೇ ಹೆಚ್ಚು ಯೋಚಿಸಿ ಕೊಳ್ಳಬೇಕಾದ ವಸ್ತು. ನಿಮ್ಮ ಅಳತೆಯ ಚೀಲಕ್ಕೆ ಮೊನೆಗಳ ನಡುವೆ 4 ಮಿ.ಮೀ. ಅಂತರವಿರುವುದು ಸರಿಹೋಗುತ್ತದೆ, ನೇರ ಸಾಲಿಗೆ ನಾಲ್ಕು ಅಥವಾ ಆರು ಮೊನೆಯದು ಒಂದು, ತಿರುವಿಗೆ ಎರಡು ಮೊನೆಯದು ಒಂದು. ಎರಡೂ ಒಂದೇ ತಯಾರಿಕೆಯವಾಗಿರಲಿ. ಅಂತರದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಉದ್ದ ಹೊಲಿಗೆಯ ಕೊನೆಗೆ ಅದು ಒಂದು ತೂತಿನಷ್ಟು ಬೆಳೆದಿರುತ್ತದೆ. ಪ್ರತಿ ಸಲವೂ ಉಳಿಯ ಮೊದಲ ಮೊನೆಯನ್ನು ಹಿಂದಿನ ಕೊನೆಯ ತೂತಿನಲ್ಲಿಯೇ ಇಟ್ಟು ಮುಂದುವರಿಸಬೇಕು. ಬಡಿಯಲು ಕಬ್ಬಿಣದ ಸುತ್ತಿಗೆ ಬೇಡ, ಉಳಿಯ ತಲೆ ಅರಳುತ್ತದೆ. ಮರದ ಕೊಡತಿ ಅಥವಾ ನೈಲಾನ್ ಸುತ್ತಿಗೆ ಇರಲಿ. ಉಳಿ ಬಡಿಯುವಾಗ ಕೆಳಗೆ ಕಟಿಂಗ್ ಮ್ಯಾಟ್ ಬದಲು ದಪ್ಪ ನೈಲಾನ್ ಹಲಗೆ ಇಟ್ಟುಕೊಳ್ಳಿ.

ಇವುಗಳ ಜೊತೆಗೆ ಹೊಲಿಗೆಯ ಗೆರೆಯನ್ನು ಅಂಚಿನಿಂದ 3ರಿಂದ 4 ಮಿ.ಮೀ. ಒಳಗೆ ಎಳೆಯಲು ಕೈವಾರ, ಮೊಂಡು ತುದಿಯ ಎರಡು ಸೂಜಿ, ಆರೆ, ಅಂದರೆ ಹಿಡಿಯಿರುವ ಚೂಪು ದಬ್ಬಳ, ಅಂಚು ಸವರುವ ಒಂದು ಉಪಕರಣ, ಉಜ್ಜಲು ಮರದ ಕೋಲು ಬೇಕು. ದಾರ ಮೇಣ ಹಚ್ಚಿದ ಪಾಲಿಯೆಸ್ಟರ್ ಅಥವಾ ಲಿನನ್ ಆಗಿರಲಿ, 4 ಮಿ.ಮೀ. ಅಂತರಕ್ಕೆ 0.8 ಮಿ.ಮೀ. ದಪ್ಪದ್ದು ಚೆನ್ನಾಗಿ ಒಪ್ಪುತ್ತದೆ. ಹತ್ತಿಯ ದಾರ ಬೇಡ. ಒಗರಿನ ಚರ್ಮದ ಸಂಗದಲ್ಲಿ ಅದು ಕಾಲಕ್ರಮೇಣ ಕೊಳೆಯುತ್ತದೆ.

ಕೈಹೊಲಿಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಚೀಲದ ಆಯುಷ್ಯ ನಿಂತಿರುವುದು ಅದರ ಮೇಲೆ. ಒಂದೇ ದಾರದ ಎರಡೂ ತುದಿಗೆ ಸೂಜಿ ಕಟ್ಟಿ, ಮೊದಲ ತೂತಿನಲ್ಲಿ ದಾರ ತೂರಿಸಿ ಎರಡೂ ಕಡೆ ಸಮವಾಗಿಸಿಕೊಳ್ಳಿ. ಮುಂದಿನ ತೂತಿಗೆ ಎಡಗೈ ಸೂಜಿಯನ್ನು ತೂರಿಸಿ ಎಳೆದ ಮೇಲೆ ಅದೇ ತೂತಿಗೆ ಬಲಗೈ ಸೂಜಿಯನ್ನು ತೂರಿಸಬೇಕು. ಆಗ ಒಳಗಿರುವ ದಾರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಹಿಡಿದರೆ ಎರಡನೆಯ ಸೂಜಿ ಅದನ್ನು ಚುಚ್ಚಿಕೊಂಡು ಹೋಗುವುದಿಲ್ಲ. ಬಳಿಕ ಎರಡೂ ಕಡೆ ಒಂದೇ ಬಿಗಿಯಲ್ಲಿ ಎಳೆಯಿರಿ. ಯಾವ ಸೂಜಿ ಮೊದಲು, ಎರಡನೆಯದು ದಾರದ ಮೇಲಿನಿಂದಲೋ ಕೆಳಗಿನಿಂದಲೋ ಎಂಬುದನ್ನು ಒಮ್ಮೆ ನಿಶ್ಚಯಿಸಿದ ಮೇಲೆ ಕೊನೆಯವರೆಗೆ ಬದಲಾಯಿಸಬಾರದು. ಬದಲಾಯಿಸಿದ ತೂತಿನಲ್ಲಿ ಹೊಲಿಗೆಯ ಓರೆ ತಪ್ಪಿ ಎದ್ದು ಕಾಣುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ ಒಂದು ಕಡೆ ತುಂಡಾದರೆ ಅದು ಬಿಚ್ಚುತ್ತಾ ಹೋಗಬಹುದು. ಇಲ್ಲಿ ಪ್ರತಿ ತೂತಿನಲ್ಲಿ ದಾರ ಎರಡು ಸಲ ಹಾದಿರುವುದರಿಂದ ಒಂದೆಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ದಾರ ಹೊಲಿಗೆಯ ಉದ್ದದ ನಾಲ್ಕರಷ್ಟು ಬೇಕು. 80 ಸೆಂ.ಮೀ. ಹೊಲಿಗೆಗೆ ಮೂರು ಮೀಟರ್ ದಾಟುತ್ತದೆ, ಅಷ್ಟುದ್ದ ದಾರ ಕೈಗೆ ಸಿಕ್ಕಿಕೊಳ್ಳುತ್ತದೆ. ಎರಡು ಭಾಗ ಮಾಡಿ, ಮೊದಲನೆಯದು ಮುಗಿಯುವಲ್ಲಿ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ಪಾಲಿಯೆಸ್ಟರ್ ಆದರೆ ತುದಿಯನ್ನು ಬಿಸಿಯಿಂದ ಕರಗಿಸಿ ಒತ್ತಿ.

ಪಕ್ಕದ ಪಟ್ಟಿ ಮೂಲೆಯಲ್ಲಿ ತಿರುಗುವಾಗ ಮುಂಭಾಗದ ತೂತುಗಳೂ ಪಟ್ಟಿಯ ತೂತುಗಳೂ ಸಂಖ್ಯೆಯಲ್ಲಿ ಒಂದಾಗಿರಬೇಕು. ಎರಡಕ್ಕೂ ತಳದ ನಡುಬಿಂದುವಿನಿಂದ ಆರಂಭಿಸಿ ಎರಡೂ ಕಡೆಗೆ ತೂತು ಎಣಿಸುತ್ತಾ ಬನ್ನಿ. ವ್ಯತ್ಯಾಸ ಬಂದರೂ ಅದು ಪಟ್ಟಿಯ ಮೇಲ್ತುದಿಗೆ ಹೋಗಿ ಬೀಳುತ್ತದೆ, ಅಲ್ಲಿ ಕತ್ತರಿಸಿಬಿಡಬಹುದು. ಮೂಲೆಯನ್ನು ಚೂಪಾಗಿ ಬಿಡದೆ ದೊಡ್ಡ ಗುಂಡಾಗಿ ಕತ್ತರಿಸಿದರೆ ಕೆಲಸ ಹಗುರ. ಇದನ್ನೆಲ್ಲ ಮೊದಲು ದಪ್ಪ ರಟ್ಟಿನಲ್ಲಿ ನಕ್ಷೆ ಮಾಡಿ, ಫೆಲ್ಟ್ ಬಟ್ಟೆಯಲ್ಲಿ ಒಮ್ಮೆ ಪೂರ್ತಿ ಹೊಲಿದು ನೋಡಿದ ಮೇಲೆಯೇ ಚರ್ಮಕ್ಕೆ ಚಾಕು ಇಡಿ. ಚರ್ಮದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ.

ಹೊಲಿಯುವ ಮೊದಲು ತುಂಡುಗಳನ್ನು ಅಂಟಿನಿಂದ ಜೋಡಿಸಿಕೊಳ್ಳಬೇಕು. ಕಾಂಟ್ಯಾಕ್ಟ್ ಅಂಟಾದರೆ ಎರಡೂ ಕಡೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಹೊಳಪಿನ ಮುಖದ ಮೇಲೆ ಅಂಟಿಸುವುದಿದ್ದರೆ ಆ ಜಾಗವನ್ನು ಮೊದಲು ಕೆರೆದು ಒರಟು ಮಾಡಿ. ಇದರ ಆವಿ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ನೀರಿನಲ್ಲಿ ಕರಗಿಸಿ ಮಾಡಿದ ಅಂಟುಗಳೂ ಇವೆ, ಮನೆಯೊಳಗಿನ ಕೆಲಸಕ್ಕೆ ನಾನು ಅವನ್ನೇ ಇಷ್ಟಪಡುತ್ತೇನೆ. ಹೊಲಿದಾದ ಮೇಲೆ ಅಂಚನ್ನು 220, 400, 600 ಸಂಖ್ಯೆಯ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಎರಡೂ ಬದಿಯ ಏಣನ್ನು ಸವರಿ, ಬಣ್ಣ ಕೊಡುವುದಿದ್ದರೆ ಈ ಹಂತದಲ್ಲೇ ಕೊಟ್ಟು, ಟ್ರಾಗಕಾಂತ್ ಗೋಂದನ್ನು ತೆಳುವಾಗಿ ಸವರಿ ಮರದ ಕೋಲಿನಿಂದ ಬಿರುಸಾಗಿ ತಿಕ್ಕಿ. ಮೊದಮೊದಲು ಕೋಲು ತಡೆತಡೆದು ಓಡುತ್ತದೆ. ನಾರು ಕೂಡಿಕೊಂಡ ಕ್ಷಣದಿಂದ ಜಾರತೊಡಗುತ್ತದೆ, ಅಂಚು ಬೆಚ್ಚಗಾಗುತ್ತದೆ, ಎರಡು ಪದರಗಳ ನಡುವಿನ ಗೆರೆ ಮಾಯವಾಗುತ್ತದೆ. ಅಂಟಿಸುವಾಗ ಪದರಗಳು ಸರಿಯಾಗಿ ಕೂತಿರದಿದ್ದರೆ ಮಾತ್ರ ಆ ಗೆರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಬಕಲ್, ಉಂಗುರ, ಕೊಕ್ಕೆಗಳಿಗೆ ಗಟ್ಟಿ ಹಿತ್ತಾಳೆಯನ್ನೇ ಆರಿಸಿ. ಅಯಸ್ಕಾಂತ ಹಿಡಿದರೆ ಅದು ಲೇಪ ಕೊಟ್ಟ ಕಬ್ಬಿಣ. ಹಿಡಿಯದಿದ್ದರೆ ಹಿತ್ತಾಳೆಯೂ ಆಗಿರಬಹುದು, ಸತುವಿನ ಮಿಶ್ರಲೋಹವೂ ಆಗಿರಬಹುದು; ಕಾಣದ ಜಾಗದಲ್ಲಿ ಗೀರಿದಾಗ ಒಳಗೂ ಹಳದಿಯಿದ್ದರೆ ಹಿತ್ತಾಳೆ, ಬೂದು ಕಂಡರೆ ಸತು. ಭುಜಪಟ್ಟಿಯ ಭಾರ ಹೊರುವ ಜಾಗದಲ್ಲಿ ಸತುವಿನ ಎರಕ ಮುರಿಯುವ ಸಂಭವ ಹೆಚ್ಚು. ಉಂಗುರದ ಒಳ ಅಗಲ ಪಟ್ಟಿಯ ಅಗಲಕ್ಕೆ ಸಮನಾಗಿರಬೇಕು.

ಕೊನೆಗೆ ಹೊಲಿಗೆ ಯಂತ್ರದ ವಿಷಯ. ಮನೆಯ ಸಾಮಾನ್ಯ ಯಂತ್ರದಲ್ಲಿ 1 ಮಿ.ಮೀ. ಒಳಗಿನ ಮೆತ್ತನೆಯ ಕ್ರೋಮ್ ಚರ್ಮದ ಎರಡು ಪದರಗಳನ್ನು ಹೊಲಿಯಬಹುದು. ಅದಕ್ಕೆ ಚರ್ಮಕ್ಕೆಂದೇ ಬರುವ ಕತ್ತಿಮೊನೆಯ ಸೂಜಿ, 100 ಅಥವಾ 110 ಸಂಖ್ಯೆಯದು, ಅಂಟಿಕೊಳ್ಳದ ಟೆಫ್ಲಾನ್ ಪಾದ, ಪಾಲಿಯೆಸ್ಟರ್ ದಾರ, 3.5ರಿಂದ 4 ಮಿ.ಮೀ. ಉದ್ದದ ಹೊಲಿಗೆ ಬೇಕು; ಹೊಲಿಗೆ ಸಣ್ಣದಾದರೆ ತೂತುಗಳು ಸಾಲಾಗಿ ಸೇರಿ ಚರ್ಮ ಅಲ್ಲೇ ಹರಿಯುತ್ತದೆ. ಗುಂಡುಸೂಜಿಯ ಬದಲು ಕ್ಲಿಪ್ ಹಾಕಿ, ಹಿಮ್ಮುಖ ಹೊಲಿಗೆ ಹಾಕದೆ ದಾರದ ತುದಿಗಳನ್ನು ಒಳಗೆಳೆದು ಗಂಟು ಹಾಕಿ. ಒಂದು ಚೂರಿನ ಮೇಲೆ ಮೊದಲು ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ. ಅಲ್ಲಿಯೇ ತಿಣುಕಿದರೆ ಮೋಟಾರಿಗೆ ಕೊಡಬೇಡಿ. ಮಡಿಕೆಗಳು ಸೇರಿ ನಾಲ್ಕು ಪದರವಾಗುವ ಜಾಗಕ್ಕೂ 2 ಮಿ.ಮೀ. ಒಗರಿನ ಚರ್ಮಕ್ಕೂ ಈ ಯಂತ್ರವನ್ನು ನೆಚ್ಚಬಾರದು. ನೀವು ಹೇಳಿದ ಮುಚ್ಚಳದ ಚೀಲಕ್ಕೆ ನಾನು ಸೂಚಿಸುವುದಿಷ್ಟು: ಒಳಬಟ್ಟೆ, ಅದರ ಜೇಬು ಮತ್ತು ಜಿಪ್ ಇವನ್ನು ಯಂತ್ರದಲ್ಲಿ ಹೊಲಿದುಕೊಂಡು, ಒಳಬಟ್ಟೆಯ ಮೇಲಂಚನ್ನು ಮಾತ್ರ ಚರ್ಮದ ಹೊಲಿಗೆಯ ಗೆರೆಯೊಳಗೆ ಸೇರುವಂತೆ ಅಂಟಿಸಿ, ಚರ್ಮದ ಭಾಗವನ್ನೆಲ್ಲ ಕೈಯಲ್ಲೇ ಹೊಲಿಯಿರಿ.