ರಾತ್ರಿ ಒತ್ತಿದ ಒಂದು ‘ಕನೆಕ್ಟ್’

ಇವರನ್ನು ಸುಧಾ ಅಂತ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಿಟಿಎಂ ಲೇಔಟಿನ ಪಿಜಿಯಲ್ಲಿ ವಾಸ, ರೂಮಿನಿಂದಲೇ ಕೆಲಸ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುವಾಗ ನಿದ್ದೆ ಕೆಟ್ಟು ಮೂರು ವಾರ ಆಗಿತ್ತು.

ಒಂದು ರಾತ್ರಿ ಲ್ಯಾಪ್‌ಟಾಪಿನ ಮೂಲೆಯಲ್ಲಿ ಹೊಸ ಬ್ಲೂಟೂತ್ ಸಾಧನ ಜೋಡಿಸಲೇ ಅಂತ ಬಂದಿತ್ತು. ಗಡಿಬಿಡಿಯಲ್ಲಿ ‘ಕನೆಕ್ಟ್’ ಒತ್ತಿದ್ದರು. “ಮೇಡಂ, ಪಕ್ಕದ ರೂಮಿನವರು ನನ್ನ ಸ್ಕ್ರೀನ್ ನೋಡ್ತಿರಬಹುದು ಅಲ್ವಾ?” ಗಂಟೆಗೆ ನಾಲ್ಕು ಸಲ ಸೆಟ್ಟಿಂಗ್ಸ್ ತೆರೆದು ನೋಡುತ್ತಿದ್ದರು. ಗೆಳತಿಯರು “ಸುಮ್ನೆ ತಲೆ ಕೆಡಿಸ್ಕೋಬೇಡ” ಅಂದಿದ್ದರು. ಆಮೇಲೆ ಯಾರಿಗೂ ಹೇಳುವುದನ್ನೇ ಬಿಟ್ಟರು.

ನಾನು ಹಾಗನ್ನಲಿಲ್ಲ. ಇಂಥ ಭಯಕ್ಕೆ ಬುಡ ಇದೆ. 2016ರಲ್ಲಿ ಬಯಲಾದ ‘ಮೌಸ್‌ಜ್ಯಾಕ್’ ದೋಷದಿಂದ, ಕೆಲವು ವೈರ್‌ಲೆಸ್ ಮೌಸ್‌ಗಳ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಮೂಲಕ ಹತ್ತಿರದಲ್ಲಿರುವವರು ನಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದಿತ್ತು.

ಮುಂದಿನ ಸಲ ಲ್ಯಾಪ್‌ಟಾಪ್ ತರಲು ಹೇಳಿದೆ. ಬ್ಲೂಟೂತ್ ಪಟ್ಟಿಯಲ್ಲಿ ಮೂರು ಹೆಸರು. ಅವರ ಫೋನು, ಅವರ ಇಯರ್‌ಫೋನು, ಇನ್ನೊಂದು ಬರೀ ಅಕ್ಷರ, ಅಂಕಿ. ಸುಧಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದರು. ಆ ಹೆಸರಿನ ಪಕ್ಕದಲ್ಲಿ ಹೆಡ್‌ಫೋನ್ ಚಿತ್ರ ಇತ್ತು. ಅವರೇ ಹಳೇ ರೂಮ್‌ಮೇಟ್‌ಗೆ ಫೋನ್ ಮಾಡಿದರು. “ಹೌದು ಕಣೇ, ಅದು ನಂದೇ. ಹೊಸದು ತಂದ ದಿನ ಅಲ್ಲೇ ಆನ್ ಮಾಡಿದ್ದೆ.” ಇಯರ್‌ಫೋನಿಗೆ ಸ್ಕ್ರೀನ್ ನೋಡುವ ದಾರಿ ಇಲ್ಲ. ‘ರಿಮೂವ್’ ಒತ್ತುವ ಕೆಲಸ ನಾನು ಮಾಡಲಿಲ್ಲ, ಅವರ ಕೈಯಲ್ಲೇ ಮಾಡಿಸಿದೆ. ಭಯ ಪಟ್ಟ ಕೈಗೆ ಅದು ಬೇಕಿತ್ತು.

ಸಲಹೆ ಹೀಗೆ ಕೊಟ್ಟೆ. ನೀವಾಗಿ ಶುರು ಮಾಡದ ಪೇರಿಂಗ್, ಅಂದರೆ ಸಾಧನ ಜೋಡಣೆ, ಒಪ್ಪಬೇಡಿ. ಆರಂಕಿ ಸಂಖ್ಯೆ ಬಂದರೆ ಎರಡೂ ಕಡೆ ಒಂದೇ ಇದೆಯಾ ನೋಡಿ. ಬಳಸದಾಗ ಬ್ಲೂಟೂತ್ ಆಫ್ ಇರಲಿ. ಅಪ್‌ಡೇಟ್ ಮುಂದೂಡಬೇಡಿ. ಊಟಕ್ಕೆ ಎದ್ದಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ. ಡಾಂಗಲ್ ಮೌಸ್ ಹಳೆಯದಾದರೆ ವೈರಿನದ್ದು ತಗೊಳ್ಳಿ. ಲ್ಯಾಪ್‌ಟಾಪ್ ಆಫೀಸಿನದು, ಹಾಗಾಗಿ ಐಟಿ ಟೀಮಿಗೂ ನಡೆದದ್ದು ತಿಳಿಸಿ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಪಟ್ಟಿ ನೋಡುವುದು ಭಾನುವಾರ ಬೆಳಗ್ಗೆ ಮಾತ್ರ. ನಡುವೆ ಕೈ ತುಡಿದರೆ ಹತ್ತು ನಿಮಿಷ ಕಾದು, ಆಗ ಏನನ್ನಿಸಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪದೇ ಪದೇ ನೋಡಿದಷ್ಟೂ ಸಮಾಧಾನ ಬೇಗ ಕರಗುತ್ತದೆ, ಭಯ ಜಾಸ್ತಿಯಾಗುತ್ತದೆ.

ನಾಲ್ಕನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. “ಬುಧವಾರ ತಡೆಯೋಕಾಗ್ಲಿಲ್ಲ ಮೇಡಂ, ಒಂದ್ಸಲ ನೋಡ್ದೆ.” ಉಳಿದ ದಿನಗಳ ಪುಟದಲ್ಲಿ ಬರೀ ಸಮಯ ಬರೆದಿತ್ತು. ಆ ಬುಧವಾರದ ರಾತ್ರಿಯ ಬಗ್ಗೆಯೇ ಅವತ್ತು ಮಾತಾಡಿದೆವು.